ಕುದುರೆ ಸೀರಮ್ಮಿನಿಂದ ಮಟನ್ ಸಾರಿನವರೆಗೆ

ಕೇಳುಗರಿಗೆ ನಮಸ್ಕಾರ.

ನಿಮ್ಮ ರಕ್ತದ ಗುಂಪು ಯಾವುದು? ಎ, ಬಿ ಅಥವಾ ಓ ಅಂತ ಥಟ್ಟನೆ ಹೇಳಿಬಿಡ್ತೀರಿ. ಆದರೆ ಗುಂಪು ಬೇರೆ ಅಂದರೆ ಏನು ಬೇರೆ? ಸಕ್ಕರೆ ಬೇರೆ! ಕೆಂಪು ರಕ್ತಕಣದ ಮೈಮೇಲೆ ಪುಟ್ಟ ಪುಟ್ಟ ಸಕ್ಕರೆ ಸರಪಳಿಗಳಿವೆ. ಎ ಗುಂಪಿನವರ ಸರಪಳಿಯ ತುದಿಯಲ್ಲಿ ಒಂದು ಬಗೆಯ ಕೊಂಡಿ, ಬಿ ಗುಂಪಿನವರಿಗೆ ಇನ್ನೊಂದು ಬಗೆಯದು. ಓ ಗುಂಪಿನವರಿಗೆ ಆ ಕೊಂಡಿಯೇ ಇಲ್ಲ. ಇಷ್ಟು ಸಣ್ಣ ವ್ಯತ್ಯಾಸ. ಆದರೂ ತಪ್ಪು ರಕ್ತ ಏರಿಸಿದರೆ ಜೀವಕ್ಕೇ ಕುತ್ತು.

ಕಾಫಿಗೆ ಹಾಕುವ ಸಕ್ಕರೆ ಅಲ್ಲ ಇದು. ಸಕ್ಕರೆ ತಿಂದರೆ ಕ್ಯಾನ್ಸರ್ ಬೆಳೆಯುತ್ತೆ ಅಂತ ವಾಟ್ಸಾಪಿನಲ್ಲಿ ಓಡಾಡುತ್ತಲ್ಲ, ಆ ಮಾತಿಗೂ ಇವತ್ತಿನ ವಿಷಯಕ್ಕೂ ಸಂಬಂಧ ಇಲ್ಲ. ನಮ್ಮ ಜೀವಕೋಶ ಪ್ರೋಟೀನ್ ತಯಾರಿಸಿದ ಮೇಲೆ ಅದಕ್ಕೆ ಒಂದೊಂದಾಗಿ ಸಕ್ಕರೆ ಪೋಣಿಸುತ್ತದೆ. ಇದಕ್ಕೆ ಗ್ಲೈಕೋಸಿಲೇಷನ್ ಅನ್ನುತ್ತಾರೆ. ರಂಬುಟಾನ್ ಹಣ್ಣು ನೋಡಿದ್ದೀರಲ್ವಾ, ಮೈತುಂಬ ಕೂದಲು? ಜೀವಕೋಶವೂ ಹಾಗೇ, ಸಕ್ಕರೆಯ ಕೂದಲು. ಬಹಳಷ್ಟು ಕೂದಲಿನ ತುದಿಯಲ್ಲಿ ಸೈಯಾಲಿಕ್ ಆಮ್ಲ ಅನ್ನುವ ಸಕ್ಕರೆ ಕೂತಿರುತ್ತದೆ. ಗ್ರೀಕ್ ಭಾಷೆಯ ಜೊಲ್ಲು ಅನ್ನುವ ಪದದಿಂದ ಬಂದ ಹೆಸರು. ಮೊದಲು ಸಿಕ್ಕಿದ್ದು ಹಸುವಿನ ಜೊಲ್ಲುಗ್ರಂಥಿಯಲ್ಲಿ.

ನಮ್ಮ ರೋಗನಿರೋಧಕ ಕಣಗಳು ಈ ತುದಿಯನ್ನು ಮುಟ್ಟಿ ನೋಡುತ್ತವೆ. ಸೈಯಾಲಿಕ್ ಆಮ್ಲ ಸಿಕ್ಕರೆ, ಓ, ಇವನು ನಮ್ಮವನೇ ಅಂತ ಸುಮ್ನೆ ಬಿಟ್ಟುಬಿಡುತ್ತವೆ. ಕ್ಯಾನ್ಸರ್ ಕೋಶಕ್ಕೆ ಈ ಗುಟ್ಟು ಗೊತ್ತು. ಎಷ್ಟೋ ಗೆಡ್ಡೆಗಳು ತಮ್ಮ ಮೈಮೇಲೆ ಸೈಯಾಲಿಕ್ ಆಮ್ಲವನ್ನು ಜಾಸ್ತಿ ಹೇರಿಕೊಂಡು ತಪ್ಪಿಸಿಕೊಳ್ಳುತ್ತವೆ.

ಈ ಸಕ್ಕರೆಯ ಹಿಂದೆ ಬಿದ್ದವರಲ್ಲಿ ಒಬ್ಬರು ಡಾಕ್ಟರ್ ಅಜಿತ್ ವರ್ಕಿ. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದವರು. ಡೆಕ್ಕನ್ ಹೆರಾಲ್ಡ್ ಸಂಪಾದಕರಾಗಿದ್ದ ಪೋತನ್ ಜೋಸೆಫ್ ಅವರ ಮೊಮ್ಮಗ. ವೆಲ್ಲೂರಿನಲ್ಲಿ ವೈದ್ಯಕೀಯ ಮುಗಿಸಿ ಅಮೆರಿಕಕ್ಕೆ ಹೋದರು. ಸ್ಯಾನ್ ಡಿಯೇಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ನೆಲೆಸಿದರು.

1984ರಲ್ಲಿ ಅವರ ಹತ್ತಿರ ಒಬ್ಬ ಹೆಂಗಸು ಬಂದರು. ಅವರ ಮೂಳೆಮಜ್ಜೆ ರಕ್ತ ತಯಾರಿಸುವುದನ್ನೇ ಬಿಟ್ಟಿತ್ತು. ಚಿಕಿತ್ಸೆಗೆ ಕುದುರೆಯ ಸೀರಮ್, ಅಂದರೆ ರಕ್ತದ ತಿಳಿನೀರು, ಕೊಟ್ಟರು. ಆಕೆಯ ಮೈ ಅದನ್ನು ಒಪ್ಪಲಿಲ್ಲ, ತಿರುಗಿಬಿತ್ತು. ಇಂಥದ್ದು ಆಗುತ್ತದೆ ಅಂತ ವೈದ್ಯರಿಗೆ ಮೊದಲೇ ಗೊತ್ತಿತ್ತು. ಬೇರೆಯವರಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದರೇನೋ. ವರ್ಕಿ ಯಾಕೆ ಅಂತ ಹುಡುಕಿದರು. ಮೈ ಸಿಟ್ಟಾಗುವುದು ಕುದುರೆಯ ಸೈಯಾಲಿಕ್ ಆಮ್ಲದ ಮೇಲೂ ಹೌದು. ಅದು ನಮ್ಮದಕ್ಕಿಂತ ಬೇರೆ. ಎಷ್ಟು ಬೇರೆ? ಒಂದು ಆಕ್ಸಿಜನ್ ಪರಮಾಣು ಹೆಚ್ಚು. ಅಷ್ಟೇ!

ಚಿಂಪಾಂಜಿಗೂ ಗೊರಿಲ್ಲಾಕ್ಕೂ ಈ ಹೆಚ್ಚುವರಿ ಆಕ್ಸಿಜನ್ ಇರುವ ಸಕ್ಕರೆ ಇದೆ. ನಮಗಿಲ್ಲ. ಆ ಆಕ್ಸಿಜನ್ ಸೇರಿಸುವ ಜೀನ್ ನಮ್ಮ ಪೂರ್ವಜರಲ್ಲಿ ಲಕ್ಷಾಂತರ ವರ್ಷಗಳ ಹಿಂದೆಯೇ ಕೆಟ್ಟುಹೋಗಿದೆ. ಇದು 1998ರಲ್ಲಿ ಪ್ರಕಟವಾಯಿತು.

ಈಗ ಒಂದು ಒಗಟು. ನಮ್ಮ ಮೈ ಈ ಸಕ್ಕರೆಯನ್ನು ತಯಾರಿಸಲಾರದು. ಆದರೂ ಮನುಷ್ಯರ ಕ್ಯಾನ್ಸರ್ ಗೆಡ್ಡೆಗಳಲ್ಲಿ ಅದು ಸಿಗುತ್ತಿತ್ತು. ಎಲ್ಲಿಂದ ಬಂತು? ಊಟದಿಂದ ಅನ್ನುವುದು ವರ್ಕಿ ಅವರ ಅನುಮಾನ. ಅದನ್ನು ಶುದ್ಧ ಮಾಡಿ, ಮನುಷ್ಯರಿಗೇ ಕುಡಿಸಿ ನೋಡಿದರು. 2003ರಲ್ಲಿ ಫಲಿತಾಂಶ ಹೊರಗೆ ಬಂತು. ಹೊಟ್ಟೆಗೆ ಹೋದದ್ದು ಮೈಗೆ ಹತ್ತುತ್ತಿತ್ತು, ಒಂದಿಷ್ಟು ಮೈಯದೇ ಹೊಸ ಪ್ರೋಟೀನುಗಳ ಮೇಲೆ ಕೂತೂ ಬಿಡುತ್ತಿತ್ತು.

ಇಲ್ಲಿದೆ ನೋಡಿ ತಮಾಷೆ. ಸಕ್ಕರೆ ಪೋಣಿಸುವ ಕಿಣ್ವಗಳಿಗೆ ಆ ಒಂದು ಆಕ್ಸಿಜನ್ ಲೆಕ್ಕಕ್ಕೇ ಇಲ್ಲ. ನಮ್ಮದೇ ಅಂದುಕೊಂಡು ಪೋಣಿಸುತ್ತವೆ. ಆದರೆ ರಕ್ತದಲ್ಲಿರುವ ಪ್ರತಿಕಾಯಗಳಿಗೆ, ಅಂದರೆ ಹೊರಗಿನದನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳಿಗೆ, ಅದು ಪರಕೀಯ. ಒಳಗಿನವರೇ ಬಾಗಿಲು ತೆಗೆದು ಕರೆದ ನೆಂಟನನ್ನು ಕಾವಲಿನವನು ಹೊಡೆಯುತ್ತಿದ್ದಾನೆ. ಜೋರಾಗೇನಲ್ಲ, ವರ್ಷಗಟ್ಟಲೆ ಸಣ್ಣಗೆ ಉರಿಯೂತ. ಗೆಡ್ಡೆಗೆ ಅದೇ ಗೊಬ್ಬರ ಅನ್ನುವುದು ವರ್ಕಿ ಅವರ ವಾದ.

2015ರಲ್ಲಿ ಇದನ್ನು ಇಲಿಗಳಲ್ಲಿ ಪರೀಕ್ಷೆ ಮಾಡಿದರು. ಮೊದಲು ಇಲಿಗಳ ಆ ಜೀನ್ ತೆಗೆದು ಅವನ್ನು ನಮ್ಮಂತೆ ಮಾಡಿದರು. ಆಮೇಲೆ ಆ ಸಕ್ಕರೆ ಇರುವ ಮೇವು ಹಾಕಿದರು, ಪ್ರತಿಕಾಯಗಳನ್ನೂ ಕೊಟ್ಟರು. ಯಕೃತ್ತಿನ ಗೆಡ್ಡೆ ಸುಮಾರು 5 ಪಟ್ಟು ಜಾಸ್ತಿ ಆಯಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಕೆಂಪು ಮಾಂಸವನ್ನು, ಬಹುಶಃ ಕ್ಯಾನ್ಸರ್ ತರುವ ಪದಾರ್ಥ, ಅಂತ ಪಟ್ಟಿಗೆ ಸೇರಿಸಿತು. ಅವರು ನೋಡಿದ್ದು ಮುಖ್ಯವಾಗಿ ಕರುಳಿನ ಕ್ಯಾನ್ಸರಿನ ಲೆಕ್ಕ. ಅದಕ್ಕೆ ಈ ಸಕ್ಕರೆಯೇ ಕಾರಣ ಅಂತ ತೀರ್ಮಾನ ಆಗಿಲ್ಲ. ಇಲಿ ಇಲಿಯೇ, ಮನುಷ್ಯ ಮನುಷ್ಯನೇ.

ಹಾಗಾದರೆ ಭಾನುವಾರದ ಮಟನ್ ಸಾರಿನ ಗತಿ ಏನು ಅಂತೀರಾ? ಈ ಸಕ್ಕರೆ ದನ, ಹಂದಿ, ಕುರಿ ಮಾಂಸದಲ್ಲಿ ಧಾರಾಳವಾಗಿದೆ. ರಾಗಿಮುದ್ದೆ, ಸೊಪ್ಪಿನ ಸಾರಿನಲ್ಲಿ ಇಲ್ಲ. ಕೋಳಿಯಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ, ಯಾಕಂದರೆ ಹಕ್ಕಿಗಳೂ ನಮ್ಮ ಹಾಗೇ ಅದನ್ನು ತಯಾರಿಸಲಾರವು.

ನಮಸ್ಕಾರ.