ಮಸೂದೆಯ ಕೊನೆಯ ಪುಟ

ಎಲ್ಲರಿಗೂ ನಮಸ್ಕಾರ.

ಕರ್ನಾಟಕ ವಿಧಾನಮಂಡಲದ ಯಾವುದಾದರೂ ಮಸೂದೆಯನ್ನು ಕೈಗೆತ್ತಿಕೊಂಡು ಕೊನೆಯ ಪುಟಗಳಿಂದ ಓದಲು ಶುರು ಮಾಡಿ. ‘ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ’ ಮುಗಿದ ಮೇಲೆ ‘ಆರ್ಥಿಕ ಜ್ಞಾಪನ ಪತ್ರ’ ಎಂಬ ತಲೆಬರಹ ಸಿಗುತ್ತದೆ. ಅದರ ಕೆಳಗೆ ಬಹಳ ಸಲ ಇರುವುದು ಒಂದೇ ವಾಕ್ಯ: ಈ ಶಾಸನದಿಂದ ಹೆಚ್ಚುವರಿ ವೆಚ್ಚವೇನೂ ಇಲ್ಲ. ಆ ವಾಕ್ಯವನ್ನು ಯಾರು ಬರೆದರು, ಅದರ ಬೆನ್ನಿಗೆ ಲೆಕ್ಕವೇನಾದರೂ ಇದೆಯೇ, ಇದ್ದರೆ ಅದು ನಮ್ಮ ಕಣ್ಣಿಗೆ ಏಕೆ ಬೀಳುವುದಿಲ್ಲ? ಇವತ್ತು ನಾನು ಮಾತಾಡಬೇಕೆಂದಿರುವುದು ಇಷ್ಟರ ಬಗ್ಗೆಯೇ.

ಈ ಪುಟದ ಬೇರು ಸಂವಿಧಾನದಲ್ಲಿದೆ. ಸರ್ಕಾರದ ಮುಖ್ಯ ಖಜಾನೆಯಾದ ಸಂಚಿತ ನಿಧಿಯಿಂದ ಖರ್ಚು ಬೀಳುವ ಮಸೂದೆಯನ್ನು ರಾಷ್ಟ್ರಪತಿಯವರ ಶಿಫಾರಸಿಲ್ಲದೆ ಸಂಸತ್ತು ಅಂಗೀಕರಿಸುವಂತಿಲ್ಲ ಎನ್ನುತ್ತದೆ 117(3)ನೇ ಅನುಚ್ಛೇದ. ರಾಜ್ಯಗಳಲ್ಲಿ 207(3)ರ ಪ್ರಕಾರ ಆ ಶಿಫಾರಸು ರಾಜ್ಯಪಾಲರದು. ಲೋಕಸಭೆಯ 69ನೇ ನಿಯಮ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ: ಅಂಥ ಮಸೂದೆಯ ಜೊತೆ ಆರ್ಥಿಕ ಜ್ಞಾಪನ ಪತ್ರ ಇರಬೇಕು, ಖರ್ಚು ತರುವ ಖಂಡಗಳು ಯಾವುವು ಎಂದು ಹೇಳಬೇಕು, ಒಮ್ಮೆ ಮಾತ್ರ ಆಗುವ ವೆಚ್ಚ ಎಷ್ಟು, ವರ್ಷವರ್ಷವೂ ಬರುವ ವೆಚ್ಚ ಎಷ್ಟು ಎಂಬ ಅಂದಾಜು ಕೊಡಬೇಕು. ಆ ಖಂಡಗಳನ್ನು ದಪ್ಪಕ್ಷರದಲ್ಲೋ ಓರೆ ಅಕ್ಷರದಲ್ಲೋ ಅಚ್ಚು ಹಾಕಬೇಕು ಎಂದೂ ಇದೆ. ಮಂತ್ರಿಗಳಲ್ಲದ ಸದಸ್ಯರು ತರುವ ಖಾಸಗಿ ಮಸೂದೆಗೂ ಇದರಿಂದ ವಿನಾಯಿತಿಯಿಲ್ಲ.

ಕೇಳಲು ಚೆನ್ನಾಗಿದೆ. ಆದರೆ ಈ ಏರ್ಪಾಟಿನ ಮೂಲ ಉದ್ದೇಶ ಖಜಾನೆಯ ಬೀಗವನ್ನು ಕಾರ್ಯಾಂಗದ ಕೈಯಲ್ಲಿಡುವುದು. ಬ್ರಿಟಿಷ್ ಪಾರ್ಲಿಮೆಂಟಿನಿಂದ ಬಂದ ಪದ್ಧತಿ ಅದು. ರಾಜನ, ಅಂದರೆ ಅವನ ಮಂತ್ರಿಗಳ, ಒಪ್ಪಿಗೆಯಿಲ್ಲದೆ ಸದಸ್ಯರು ಖರ್ಚು ಹುಟ್ಟಿಸುವಂತಿರಲಿಲ್ಲ. ಹಾಗಾಗಿ ಜ್ಞಾಪನ ಪತ್ರ ಮುಖ್ಯವಾಗಿ ಅಪ್ಪಣೆಗೆ ಸಂಬಂಧಿಸಿದ ಕಾಗದವಾಗಿಯೇ ಉಳಿದಿದೆ. ಮತ ಹಾಕಲು ಕುಳಿತ ಶಾಸಕರಿಗೆ ಬೇಕಾದ ವಿವರ ಕೊಡುವ ಕೆಲಸ ಅದರ ತಲೆಗೆ ಆಮೇಲೆ ಬಂದದ್ದು. ಅದನ್ನು ಬರೆಯುವವರು ಯಾರು? ಮಸೂದೆ ಬೇಕೆಂದು ಹೊರಟ ಇಲಾಖೆಯೇ. ಹಣಕಾಸು ಇಲಾಖೆ ಕಡತ ನೋಡಿರುತ್ತದೆ, ಆಕ್ಷೇಪವನ್ನೂ ಎತ್ತಿರಬಹುದು, ಆದರೆ ಅದರ ಟಿಪ್ಪಣಿ ಸದನದ ಮೇಜಿಗೆ ಬರುವುದಿಲ್ಲ. ಹೆತ್ತವರಿಗೆ ಹೆಗ್ಗಣವೂ ಮುದ್ದು.

ಕೆಲವು ಲೆಕ್ಕಗಳು ಸುಲಭ. 2025ರ ಮಾರ್ಚ್‌ನಲ್ಲಿ ನಮ್ಮ ಶಾಸಕರ ಮೂಲ ವೇತನ ತಿಂಗಳಿಗೆ 40,000ದಿಂದ 80,000 ರೂಪಾಯಿಗೆ ಏರಿತು. ವಿಧಾನಸಭೆಯಲ್ಲಿ 224 ಮಂದಿ, ಪರಿಷತ್ತಿನಲ್ಲಿ 75. ಗುಣಿಸಿದರೆ ಆಯಿತು. (ಆ ಮಸೂದೆಗಳು ಗದ್ದಲದ ನಡುವೆ ಚರ್ಚೆಯೇ ಇಲ್ಲದೆ ಪಾಸಾದವು ಎಂಬುದು ಬೇರೆ ಮಾತು.) ಕಷ್ಟ ಶುರುವಾಗುವುದು ಕಾನೂನು ಜನರಿಗೆ ಒಂದು ಹಕ್ಕನ್ನು ಕೊಟ್ಟಾಗ. ಎಷ್ಟು ಜನ ಬಂದು ಕೇಳುತ್ತಾರೆ, ಯಾವಾಗ ಕೇಳುತ್ತಾರೆ, ಕೊಡುವ ವಸ್ತುವಿನ ಬೆಲೆ ಐದು ವರ್ಷದ ನಂತರ ಎಷ್ಟಿರುತ್ತದೆ?

ಶಿಕ್ಷಣ ಹಕ್ಕಿನ ಮಸೂದೆ 2008ರಲ್ಲಿ ಬಂದಾಗ ಅದರ ಜ್ಞಾಪನ ಪತ್ರ, ಸದ್ಯಕ್ಕೆ ಈ ವೆಚ್ಚವನ್ನು ಅಂಕಿಯಲ್ಲಿ ಹೇಳಲಾಗದು ಎಂದು ಕೈತೊಳೆದುಕೊಂಡಿತು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳೆಲ್ಲರಿಗೂ ಶಾಲೆ, ಕೊಠಡಿ, ಶಿಕ್ಷಕರು ಎಂದ ಮಸೂದೆ ಅದು! ಕಾಯ್ದೆಯಾದ ಮೇಲೆ ಕೂತು ಲೆಕ್ಕ ಹಾಕಿದಾಗ ಐದು ವರ್ಷಕ್ಕೆ 2.31 ಲಕ್ಷ ಕೋಟಿ ರೂಪಾಯಿ ಬಂತು. ಅದನ್ನು ಕೇಂದ್ರ ಮತ್ತು ರಾಜ್ಯಗಳು 65:35ರ ಅನುಪಾತದಲ್ಲಿ ಹಂಚಿಕೊಳ್ಳಬೇಕೆಂದಾಯಿತು. ಇಲ್ಲೊಂದು ಸೂಕ್ಷ್ಮವಿದೆ. ಸಂಸತ್ತಿನ ಜ್ಞಾಪನ ಪತ್ರ ನೋಡುವುದು ಭಾರತದ ಸಂಚಿತ ನಿಧಿಯನ್ನು ಮಾತ್ರ. ದೆಹಲಿಯ ಕಾನೂನಿನಿಂದ ಬೆಂಗಳೂರಿನ ಖಜಾನೆಗೆ ಬೀಳುವ ಹೊರೆಯನ್ನು ಅದು ಹೇಳಬೇಕಾಗಿಯೇ ಇಲ್ಲ.

ಆಹಾರ ಭದ್ರತಾ ಕಾಯ್ದೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಅಂದಾಜು ಹೇಗೆ ಹುಟ್ಟುತ್ತದೆ, ಹೇಗೆ ಕೈತಪ್ಪುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 2013ರ ಕಾಯ್ದೆ ಗ್ರಾಮೀಣ ಜನರಲ್ಲಿ ಶೇ. 75, ನಗರದವರಲ್ಲಿ ಶೇ. 50 ಮಂದಿಗೆ, ಅಂದರೆ ಸುಮಾರು 81 ಕೋಟಿ ಜನರಿಗೆ, ತಲೆಗೆ ತಿಂಗಳಿಗೆ 5 ಕೆ.ಜಿ. ಧಾನ್ಯದ ಹಕ್ಕು ಕೊಟ್ಟಿತು. ಅಕ್ಕಿ ಕೆ.ಜಿ.ಗೆ 3 ರೂ., ಗೋಧಿ 2, ರಾಗಿ ಜೋಳದಂಥ ಸಿರಿಧಾನ್ಯ 1. ಈ ದರ ಕಾಯ್ದೆಯಲ್ಲೇ ಬರೆದಿತ್ತು (2023ರ ಜನವರಿಯಿಂದ ಧಾನ್ಯ ಉಚಿತವಾಯಿತು). ಆದರೆ ಧಾನ್ಯ ಕೊಂಡು ದಾಸ್ತಾನಿಡುವ ಕೇಂದ್ರದ ಸಂಸ್ಥೆಯಾದ ಆಹಾರ ನಿಗಮಕ್ಕೆ ಆ ಅಕ್ಕಿ ಬೀಳುವ ಬೆಲೆ ಬರೆದಿರಲಿಲ್ಲ. ಬೆಂಬಲ ಬೆಲೆ, ಗೋಣಿಚೀಲ, ಹಮಾಲಿ, ಲಾರಿ, ಗೋದಾಮು, ಬಡ್ಡಿ ಎಲ್ಲ ಸೇರಿ ಆ ಹೊತ್ತಿಗೆ ಅಕ್ಕಿ ಕೆ.ಜಿ.ಗೆ 26 ರೂಪಾಯಿಯ ಆಸುಪಾಸು, ಗೋಧಿ 19ರ ಆಸುಪಾಸು ಇತ್ತು. ಈ ಎರಡು ಬೆಲೆಗಳ ನಡುವಿನ ಅಂತರವೇ ಸಬ್ಸಿಡಿ. ಒಂದು ತುದಿಯನ್ನು ಮೊಳೆ ಹೊಡೆದು ನಿಲ್ಲಿಸಿ ಇನ್ನೊಂದು ತುದಿಯನ್ನು ಪ್ರತಿವರ್ಷ ಮೇಲೇರಲು ಬಿಟ್ಟರೆ ಅಂತರ ಏನಾಗುತ್ತದೆ ಎಂದು ನಾನು ಹೇಳಬೇಕಿಲ್ಲ.

ಸರ್ಕಾರ ಕೊಟ್ಟ ಅಂದಾಜು ವರ್ಷಕ್ಕೆ ಸುಮಾರು 1.25 ಲಕ್ಷ ಕೋಟಿ ರೂಪಾಯಿ. ಸರ್ಕಾರದ್ದೇ ಇನ್ನೊಂದು ಸಂಸ್ಥೆ, ಕೃಷಿ ವೆಚ್ಚ ಮತ್ತು ಬೆಲೆ ಆಯೋಗ. ಅಲ್ಲಿಂದ ಹೊರಬಂದ, ಆಗಿನ ಅಧ್ಯಕ್ಷ ಅಶೋಕ್ ಗುಲಾಟಿಯವರೂ ಸೇರಿ ಬರೆದ ಚರ್ಚಾ ಪ್ರಬಂಧ ಮೂರು ವರ್ಷಕ್ಕೆ ಸುಮಾರು 6.8 ಲಕ್ಷ ಕೋಟಿ ಎಂದಿತು. ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡವರೇ ಆಗ ಹೆಚ್ಚು. ಹಾಗೇನಿರಲಿಲ್ಲ. ಎರಡನೆಯವರು ಗೋದಾಮು, ಸಾಗಣೆ, ಧಾನ್ಯದ ಇಳುವರಿ ಹೆಚ್ಚಿಸಲು ಬೇಕಾದ ಹೂಡಿಕೆಯನ್ನೂ ಕೂಡಿಸಿದ್ದರು. ಮೊದಲನೆಯವರು ಸಬ್ಸಿಡಿಗಷ್ಟೇ ನಿಂತಿದ್ದರು. ಯಾವುದನ್ನು ಈ ಕಾನೂನಿನ ಖರ್ಚು ಎನ್ನಬೇಕು ಎಂಬ ಪ್ರಶ್ನೆಗೆ ಗಣಿತ ಉತ್ತರ ಕೊಡುವುದಿಲ್ಲ. ಗೆರೆಯನ್ನು ಎಲ್ಲಿ ಎಳೆದೆ ಎಂದು ಎಳೆದವರು ಹೇಳಬೇಕು.

ಮುಂದೆ ಆದದ್ದು ಇನ್ನೂ ಸ್ವಾರಸ್ಯ. ಹಲವು ವರ್ಷ ಬಜೆಟ್ಟಿನಲ್ಲಿ ಆಹಾರ ಸಬ್ಸಿಡಿ ಹಿಡಿತದಲ್ಲೇ ಇದ್ದಂತೆ ಕಂಡಿತು. ಕಾರಣ, ಕೊಡಬೇಕಾದ ದುಡ್ಡಿನಲ್ಲಿ ಒಂದು ಭಾಗವನ್ನು ಸರ್ಕಾರ ಕೊಡದೆ, ಸಣ್ಣ ಉಳಿತಾಯ ನಿಧಿಯಿಂದ ಸಾಲ ತೆಗೆದುಕೋ ಎಂದು ಆಹಾರ ನಿಗಮಕ್ಕೆ ಹೇಳಿತ್ತು. ಸಾಲ ನಿಗಮದ ಪುಸ್ತಕದಲ್ಲಿ ಬೆಳೆಯಿತು. 2020-21ರಲ್ಲಿ ಆ ಸಾಲ ತೀರಿಸಲು ನಿರ್ಧರಿಸಿದಾಗ, ಕೋವಿಡ್ ಕಾಲದ ಉಚಿತ ಪಡಿತರವೂ ಸೇರಿಕೊಂಡು, 1.15 ಲಕ್ಷ ಕೋಟಿಯಿದ್ದ ಬಜೆಟ್ ಅಂದಾಜು ಪರಿಷ್ಕೃತ ಅಂದಾಜಿನಲ್ಲಿ 4.22 ಲಕ್ಷ ಕೋಟಿಗೆ ನೆಗೆಯಿತು. ಹಳೆಯ ಅಂದಾಜು ಸರಿಯಾಗಿತ್ತೇ ಎಂದು ಆ ವರ್ಷಗಳ ಬಜೆಟ್ ನೋಡಿ ತೀರ್ಮಾನಿಸಿದವರೆಲ್ಲ ಮೋಸ ಹೋದರು.

ಇನ್ನು ಅಮೆರಿಕ. 1974ರಲ್ಲಿ ಅಧ್ಯಕ್ಷ ನಿಕ್ಸನ್ ಜೊತೆ ಹಣದ ವಿಚಾರದಲ್ಲಿ ಜಗಳವಾಡಿ ಬೇಸತ್ತ ಅಲ್ಲಿನ ಸಂಸತ್ತು, ಶ್ವೇತಭವನದ ಅಂಕಿಗಳನ್ನು ನಂಬಿ ಕೂರುವುದು ಬೇಡವೆಂದು ತನ್ನದೇ ಲೆಕ್ಕದ ಕಚೇರಿಯೊಂದನ್ನು ಕಟ್ಟಿಕೊಂಡಿತು. ಕಾಂಗ್ರೆಷನಲ್ ಬಜೆಟ್ ಆಫೀಸ್, ಸಿಬಿಒ. ಮೊದಲ ನಿರ್ದೇಶಕಿ ಅರ್ಥಶಾಸ್ತ್ರಜ್ಞೆ ಆಲಿಸ್ ರಿವ್ಲಿನ್. ಸಮಿತಿಯೊಂದು ಮಸೂದೆಯನ್ನು ಒಪ್ಪಿ ಕಳಿಸಿದರೆ ಸಿಬಿಒ ಅದರ ವೆಚ್ಚದ ಅಂದಾಜು ಕೊಡುತ್ತದೆ. ತೆರಿಗೆಯ ಲೆಕ್ಕ ಮಾತ್ರ ಸಂಸತ್ತಿನದೇ ಇನ್ನೊಂದು ಜಂಟಿ ಸಮಿತಿಯದು. ವಿಧಾನ ಸರಳ: ಈಗಿರುವ ಕಾನೂನುಗಳೇ ಮುಂದುವರಿದರೆ ಹತ್ತು ವರ್ಷದಲ್ಲಿ ಆದಾಯ ಎಷ್ಟು, ಖರ್ಚು ಎಷ್ಟು ಎಂದು ಮೊದಲು ಅಂದಾಜಿಸುವುದು. ಅದಕ್ಕೆ ಬೇಸ್‌ಲೈನ್ ಎನ್ನುತ್ತಾರೆ. ಹೊಸ ಮಸೂದೆ ಆ ರೇಖೆಯನ್ನು ಎಷ್ಟು ಅಲುಗಿಸುತ್ತದೋ ಅದೇ ಅದರ ಸ್ಕೋರ್. ಮಸೂದೆ ಒಳ್ಳೆಯದೋ ಕೆಟ್ಟದ್ದೋ ಎಂದು ಸಿಬಿಒ ಹೇಳುವುದಿಲ್ಲ.

ಸ್ವತಂತ್ರ ಕಚೇರಿ ಇದ್ದ ಮಾತ್ರಕ್ಕೆ ಎಲ್ಲ ಸರಿಹೋಯಿತೇ? 2003ರಲ್ಲಿ ವೃದ್ಧರ ಮೆಡಿಕೇರ್ ವಿಮೆಗೆ ಔಷಧದ ಖರ್ಚನ್ನೂ ಸೇರಿಸುವ ಮಸೂದೆ ಬಂತು. ಸಿಬಿಒ ಅಂದಾಜು ಹತ್ತು ವರ್ಷಕ್ಕೆ 395 ಬಿಲಿಯನ್ ಡಾಲರ್. 400 ಬಿಲಿಯನ್ ದಾಟಿದರೆ ಮತ ಹಾಕುವುದಿಲ್ಲ ಎಂದು ಆಳುವ ಪಕ್ಷದವರೇ ಕೆಲವರು ಕೂತಿದ್ದರು. ಮೆಡಿಕೇರ್ ಇಲಾಖೆಯ ಮುಖ್ಯ ಲೆಕ್ಕತಜ್ಞ ರಿಚರ್ಡ್ ಫೋಸ್ಟರ್ ಹಾಕಿದ ಲೆಕ್ಕ ಇದಕ್ಕಿಂತ ಬಹಳ ಮೇಲಿತ್ತು. ಅದನ್ನು ಸಂಸತ್ತಿಗೆ ಕೊಟ್ಟರೆ ಕೆಲಸ ಹೋಗುತ್ತದೆ ಎಂದು ಅವರ ಮೇಲಧಿಕಾರಿ ಎಚ್ಚರಿಸಿದ್ದರು. ನವೆಂಬರ್‌ನ ಒಂದು ರಾತ್ರಿ, ಮತದಾನವನ್ನು ಸುಮಾರು ಮೂರು ಗಂಟೆ ಎಳೆದು, 220-215ರಲ್ಲಿ ಕೆಳಮನೆ ಮಸೂದೆಯನ್ನು ಪಾಸು ಮಾಡಿತು. ಎರಡು ತಿಂಗಳ ನಂತರ ಸರ್ಕಾರವೇ 534 ಬಿಲಿಯನ್ ಎಂದು ಪ್ರಕಟಿಸಿತು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಯೋಜನೆ ಜಾರಿಯಾದ ಮೇಲೆ ಆದ ನಿಜವಾದ ಖರ್ಚು ಎರಡೂ ಅಂದಾಜುಗಳಿಗಿಂತ ಕಡಿಮೆ! ದುಬಾರಿ ಔಷಧಗಳ ಪೇಟೆಂಟ್ ಮುಗಿದು ಅಗ್ಗದ ಜೆನೆರಿಕ್ ಮಾತ್ರೆಗಳು ಬಂದವು, ಸೇರಿದವರ ಸಂಖ್ಯೆಯೂ ಎಣಿಸಿದಷ್ಟಾಗಲಿಲ್ಲ. ಹಾಗಾದರೆ ಫೋಸ್ಟರ್ ಅವರ ಬಾಯಿ ಮುಚ್ಚಿಸಿದ್ದು ಸರಿಯಾಯಿತೇ? ನನ್ನ ಮಟ್ಟಿಗೆ ಇಲ್ಲವೇ ಇಲ್ಲ. ಅವರ ಅಂಕಿ ತಪ್ಪಾಗಬಹುದು, ಆದರೆ ಮತ ಹಾಕುವ ದಿನ ಅದು ಮೇಜಿನ ಮೇಲಿರಬೇಕಿತ್ತು. ಏಕೆ ತಪ್ಪಿತು ಎಂದು ಇವತ್ತು ನಾವು ಹೇಳಬಲ್ಲೆವು ಎಂದರೆ ಅದಕ್ಕೆ ಕಾರಣ ಅದರ ಊಹೆಗಳೆಲ್ಲ ಬರಹದಲ್ಲಿ ಇದ್ದದ್ದು. ‘ಹೆಚ್ಚುವರಿ ವೆಚ್ಚವಿಲ್ಲ’ ಎಂಬ ವಾಕ್ಯದಲ್ಲಿ ತಪ್ಪು ಹುಡುಕುವುದು ಹೇಗೆ?

ಅಂಕಿ ಬರುವ ತನಕ ಕಾಯದ ಸಂದರ್ಭವೂ ಅಲ್ಲಿದೆ. 2017ರ ಮೇ 4ರಂದು ಒಬಾಮ ಕಾಲದ ಆರೋಗ್ಯ ಕಾನೂನನ್ನು ಬಹುಮಟ್ಟಿಗೆ ಕಿತ್ತುಹಾಕುವ ಮಸೂದೆಯ ಅಂತಿಮ ರೂಪಕ್ಕೆ ಸ್ಕೋರ್ ಬರುವ ಮೊದಲೇ ಕೆಳಮನೆ ಮತ ಹಾಕಿಬಿಟ್ಟಿತು. ಮೇ 24ರಂದು ಬಂದ ವರದಿ, 2026ರ ಹೊತ್ತಿಗೆ 2.3 ಕೋಟಿ ಹೆಚ್ಚು ಜನ ವಿಮೆಯಿಲ್ಲದೆ ಉಳಿಯುತ್ತಾರೆ ಎಂದಿತು. ಮುಂದೆ ಸೆನೆಟ್‌ನಲ್ಲಿ ಆ ಪ್ರಯತ್ನ ಬಿದ್ದುಹೋಯಿತು.

ನಮ್ಮಲ್ಲಿ ಯಾರೂ ಎಣಿಸದ ಇನ್ನೊಂದು ಖರ್ಚು ನ್ಯಾಯಾಲಯಗಳದ್ದು. ಚೆಕ್ ಬೌನ್ಸ್ ಅನ್ನು ಅಪರಾಧ ಮಾಡಿದ 138ನೇ ಸೆಕ್ಷನ್ 1989ರಲ್ಲಿ ಜಾರಿಗೆ ಬಂತು. 2019ರ ಕೊನೆಗೆ ಬಾಕಿಯಿದ್ದ 2.31 ಕೋಟಿ ಕ್ರಿಮಿನಲ್ ಪ್ರಕರಣಗಳಲ್ಲಿ 35.16 ಲಕ್ಷ ಈ ಒಂದೇ ಸೆಕ್ಷನ್ನಿನವು ಎಂದು ಸುಪ್ರೀಂ ಕೋರ್ಟ್ ದಾಖಲಿಸಿತು. ಹೊಸ ಕಾನೂನು ನ್ಯಾಯಾಲಯದ ಮೇಲೆ ಹಾಕುವ ಭಾರವನ್ನೂ ಮಸೂದೆಯ ಜೊತೆಗೇ ಅಂದಾಜಿಸಬೇಕು ಎಂದು ನ್ಯಾಯಮೂರ್ತಿ ಎಂ. ಜಗನ್ನಾಥ ರಾವ್ ನೇತೃತ್ವದ ಕಾರ್ಯಪಡೆ 2008ರಲ್ಲೇ ಹೇಳಿತ್ತು. ವರದಿ ಕಪಾಟಿನಲ್ಲಿದೆ.

ಕರ್ನಾಟಕದ ಮಟ್ಟಿಗೆ ಒಂದು ಮಾತು. ಸರ್ಕಾರದ ಸಾಲಕ್ಕೂ ಕೊರತೆಗೂ ಮಿತಿ ಹಾಕುವ ವಿತ್ತೀಯ ಹೊಣೆಗಾರಿಕೆಯ ಕಾಯ್ದೆಯನ್ನು ದೇಶದಲ್ಲಿ ಮೊದಲು ಮಾಡಿದ ರಾಜ್ಯ ನಮ್ಮದು, 2002ರಲ್ಲಿ. ಆದರೆ ನಮ್ಮ ದೊಡ್ಡ ಖರ್ಚುಗಳು ಮಸೂದೆಯ ದಾರಿಯಲ್ಲಿ ಬರುವುದೇ ಇಲ್ಲ, ಸರ್ಕಾರಿ ಆದೇಶದ ಮೂಲಕ ಬರುತ್ತವೆ. 2024-25ರ ಬಜೆಟ್ಟಿನಲ್ಲಿ ಐದು ಗ್ಯಾರಂಟಿಗಳಿಗೆ ಇಟ್ಟದ್ದು ಸುಮಾರು 52,000 ಕೋಟಿ. ಆದೇಶಕ್ಕೆ ಜ್ಞಾಪನ ಪತ್ರದ ಕಟ್ಟುಪಾಡಿಲ್ಲ. ಈ ಯೋಜನೆಗಳು ಬೇಡ ಎನ್ನುವವನು ನಾನಲ್ಲ, ಅವುಗಳ ಲೆಕ್ಕವೂ ಮೊದಲೇ ಬರಹದಲ್ಲಿರಲಿ ಎನ್ನುತ್ತೇನೆ, ಅಷ್ಟೇ. 2023ರ ಅನ್ನಭಾಗ್ಯವನ್ನೇ ನೋಡಿ. ಹೆಚ್ಚುವರಿ 5 ಕೆ.ಜಿ. ಅಕ್ಕಿಯನ್ನು ಆಹಾರ ನಿಗಮದಿಂದ ಕೊಳ್ಳಬಹುದೆಂಬ ಎಣಿಕೆಯಿತ್ತು. ರಾಜ್ಯಗಳಿಗೆ ಮಾರುವುದನ್ನು ಕೇಂದ್ರ ನಿಲ್ಲಿಸಿದಾಗ, ಕೆ.ಜಿ.ಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ನಗದು ಕೊಡಬೇಕಾಯಿತು. ಅಕ್ಕಿ ಸಿಗದಿದ್ದರೆ ಏನು ಎಂಬ ಒಂದು ಸಾಲು ಮೊದಲೇ ಬರೆದಿದ್ದರೆ ಆ ಜೂನ್ ತಿಂಗಳ ಪರದಾಟ ಅಷ್ಟಿರುತ್ತಿರಲಿಲ್ಲ.

ಸಿಬಿಒದಂಥ ದೊಡ್ಡ ಕಚೇರಿ ನಾಳೆಯೇ ಬೆಂಗಳೂರಿಗೆ ಬರುತ್ತದೆ ಎಂಬ ಭ್ರಮೆ ನನಗಿಲ್ಲ. ಆದರೆ ಎಷ್ಟು ಜನ, ಯಾವ ದರ, ಎಷ್ಟು ವರ್ಷ, ಯಾರ ಖಜಾನೆ ಎಂದು ಇಲಾಖೆ ತನ್ನ ಊಹೆಗಳನ್ನು ಜ್ಞಾಪನ ಪತ್ರದಲ್ಲೇ ಬರೆಯಲು ಹೊಸ ಕಾನೂನೇನೂ ಬೇಡ. ಹಣಕಾಸು ಇಲಾಖೆಯ ಅಭಿಪ್ರಾಯವನ್ನು ಅದರ ಕೆಳಗೆ ಅಚ್ಚು ಹಾಕುವುದಕ್ಕೂ ಹೊಸ ಕಾನೂನು ಬೇಕಿಲ್ಲ. ಕೇಂದ್ರ ಸರ್ಕಾರದ 2014ರ ನೀತಿ, ಕರಡು ಮಸೂದೆಯನ್ನು ಹಣಕಾಸಿನ ಪರಿಣಾಮಗಳ ಸಮೇತ 30 ದಿನ ಜನರ ಮುಂದಿಡಬೇಕು ಎನ್ನುತ್ತದೆ. ಅದನ್ನೇ ಇಲ್ಲಿಯೂ ಪಾಲಿಸಿ ಎಂದು ನಿಮ್ಮ ಕ್ಷೇತ್ರದ ಶಾಸಕರನ್ನು ಕೇಳಬಹುದು.

ಈಗ ನಿಮ್ಮ ಪ್ರಶ್ನೆಗಳು.