ಮಣಿದಾ ಮಾಡಿದ ಆಟಿಕೆಗಳು

ಕೇಳುಗರಿಗೆಲ್ಲ ನಮಸ್ಕಾರ.

ಗಾಜಿನ ಮೇಲೆ ಬರೆದ ದೇವರ ಪಟ ನಿಮ್ಮ ಅಜ್ಜಿಮನೆಯಲ್ಲಿ ಇತ್ತಾ? ಅದನ್ನು ಬರೆಯುವುದು ಗಾಜಿನ ಹಿಂಬದಿಗೆ. ಕಾಗದದ ಮೇಲಾದರೆ ಮೊದಲು ಮುಖ, ಆಮೇಲೆ ಬೊಟ್ಟು ಅಲ್ವಾ? ಇಲ್ಲಿ ಎಲ್ಲ ತಿರುಗುಮುರುಗು. ಹಣೆಯ ಬೊಟ್ಟು, ಕಣ್ಣಗೊಂಬೆ ಮೊದಲು. ಅದರ ಮೇಲೆ ಮುಖದ ಬಣ್ಣ. ಹಿಂದಿನ ಗೋಡೆ, ಆಕಾಶ ಕಟ್ಟಕಡೆಗೆ. ಬೊಟ್ಟು ಮರೆತಿರೋ, ಮುಗೀತು.

ಪೇಟೆ ಬೀದಿಯ ಈ ಕೆಲಸವನ್ನು ಐವತ್ತು ದಾಟಿದ ಮೇಲೆ ಕೈಗೆತ್ತಿಕೊಂಡ ಚಿತ್ರಕಲೆಯ ಪ್ರೊಫೆಸರ್ ಒಬ್ಬರಿದ್ದರು, ಕೆ.ಜಿ. ಸುಬ್ರಮಣ್ಯನ್. ಶಾಂತಿನಿಕೇತನದವರ ಬಾಯಲ್ಲಿ ಮಣಿದಾ.

ಹುಟ್ಟಿದ್ದು 1924ರಲ್ಲಿ, ಉತ್ತರ ಕೇರಳದ ಕೂತ್ತುಪರಂಬದಲ್ಲಿ. ಮದ್ರಾಸಿನಲ್ಲಿ ಅರ್ಥಶಾಸ್ತ್ರ ಓದುತ್ತಿದ್ದಾಗ ಕ್ವಿಟ್ ಇಂಡಿಯಾ ಚಳವಳಿಗೆ ಇಳಿದು ಜೈಲು ಕಂಡರು. ಸರ್ಕಾರಿ ಕಾಲೇಜುಗಳ ಬಾಗಿಲು ಮುಚ್ಚಿತು. 1944ರಲ್ಲಿ ಶಾಂತಿನಿಕೇತನದ ಕಲಾಶಾಲೆ ಕಲಾಭವನ ಸೇರಿದರು. ನಂದಲಾಲ್ ಬೋಸ್, ಬಿನೋದ್ ಬಿಹಾರಿ ಮುಖರ್ಜಿ, ರಾಮ್‌ಕಿಂಕರ್ ಬೈಜ್ ಗುರುಗಳಾಗಿ ಸಿಕ್ಕರು. ಆ ಬಾಗಿಲು ತೆರೆದೇ ಇದ್ದಿದ್ದರೆ ಎಲ್ಲೋ ಲೆಕ್ಕ ನೋಡಿಕೊಂಡು ಇರುತ್ತಿದ್ದರೇನೋ!

1951ರಿಂದ ಬರೋಡಾದಲ್ಲಿ ಮೇಷ್ಟ್ರು. ಅಲ್ಲಿನ ಕಲಾ ವಿಭಾಗದಲ್ಲಿ ಮೇಷ್ಟ್ರು, ಮಕ್ಕಳು ಸೇರಿ ತಾವು ಮಾಡಿದ್ದನ್ನು ಮಾರುವ ಮೇಳವೊಂದು ನಡೆಯುತ್ತಿತ್ತು. ಅದಕ್ಕಾಗಿ ಇವರು ಮರದ ತುಂಡು, ಮಣಿ, ಚರ್ಮದ ಚೂರು ಜೋಡಿಸಿ ಆಟಿಕೆ ಮಾಡುತ್ತಿದ್ದರು. ಹೆಸರಾದ ಕಲಾವಿದರಿಗೆ ಇದೆಲ್ಲ ಯಾಕೆ ಅನ್ನಬಹುದು. ನನಗಂತೂ ಅವರ ಅಸಲಿ ಪಾಠ ಅಲ್ಲೇ ನಡೆಯಿತು ಅನ್ನಿಸುತ್ತದೆ. ಮರ ಎಷ್ಟು ಮಾತು ಕೇಳುತ್ತದೆ, ಚರ್ಮ ಎಲ್ಲಿ ಬಗ್ಗುತ್ತದೆ ಅನ್ನುವುದನ್ನು ಬೋರ್ಡಿನ ಮೇಲೆ ಬರೆದು ಕಲಿಸಲಾದೀತೇ? 1963ರಲ್ಲಿ ಲಖನೌದ ರವೀಂದ್ರಾಲಯದ ಗೋಡೆಗೆ ಸುಟ್ಟ ಮಣ್ಣಿನ ಸಾವಿರಾರು ತುಂಡು ಜೋಡಿಸಿದ್ದೂ ಇದೇ ಆಟಿಕೆಯ ಕೈ.

1980ರಲ್ಲಿ ಅವರು ಪಾಠ ಹೇಳಲು ಮತ್ತೆ ಶಾಂತಿನಿಕೇತನಕ್ಕೆ ಬಂದರು. ನಮ್ಮ ಭದ್ರಾವತಿಯ ಶೀಲಾ ಗೌಡ ಇವರ ಶಿಷ್ಯೆ. ಮುಂದೆ ಸೆಗಣಿ, ಕುಂಕುಮ, ಸೂಜಿ, ದಾರಗಳಲ್ಲೇ ಕಲಾಕೃತಿ ಮಾಡಿದವರು. ನೋಡಿದರೆ ಗುರುವಿನ ಚಿತ್ರಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ. ಮೇಷ್ಟ್ರ ನಕಲು ಮಾಡದ ಶಿಷ್ಯರನ್ನು ಬೆಳೆಸುವುದು ಸುಮ್ನೆ ಮಾತಲ್ಲ.

ಪದ್ಮವಿಭೂಷಣ ಬಂದದ್ದು 2012ರಲ್ಲಿ, ತೀರಿಕೊಂಡದ್ದು 2016ರಲ್ಲಿ. ಅದಕ್ಕೂ ಮೊದಲು, 2009ರಲ್ಲಿ, ಕಲಾಭವನದ ಕಟ್ಟಡವೊಂದರ ಹೊರಗೋಡೆಗೆ ತಾವೇ ಹಿಂದೆ ಬರೆದಿದ್ದ ಚಿತ್ರವನ್ನು ಮತ್ತೆ ಬರೆಯಲು ನಿಂತರು. ಆಗ ವಯಸ್ಸು 85. ಬಿಸಿಲಲ್ಲಿ ಸಾರುವೆ ಹತ್ತಿ ನಿಂತು, ಸುತ್ತಲ ಗೋಡೆಗಳನ್ನು ಪ್ರಾಣಿ, ಗಿಡ, ಮನುಷ್ಯರಿಂದ ತುಂಬಿಸಿದರು. ಬಣ್ಣ ಎರಡೇ, ಕಪ್ಪು ಮತ್ತು ಬಿಳಿ.

ನಮಸ್ಕಾರ.