ಸಾವಿಗೆ ನಾಲ್ಕು ಕುಲ: ನೀಲಗಿರಿಯ ಜನ

ಕೇಳುಗರಿಗೆ ನಮಸ್ಕಾರ.

ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಲಟ್ಟಿ ಘಾಟಿಗೆ 36 ತಿರುವುಗಳು. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ನೀಲಗಿರಿಗೆ ಬಂದಾಗ ಇಂಥ ದಾರಿಗಳು ಇರಲಿಲ್ಲ. ಆದರೆ ಮೇಲೆ ಜನರಿದ್ದರು. ತೋಡರು, ಕೋತರು, ಕುರುಂಬರು, ಬಡಗರು. ಇಳಿಜಾರಿನ ಇರುಳರೂ ಇದ್ದರು; ಅವರ ಕತೆಗೆ ಇನ್ನೊಂದು ದಿನವೇ ಬೇಕು.

ತೋಡರದು ಎಮ್ಮೆಯ ಬದುಕು. ಅವರ ಗುಡಿಯೆಂದರೆ ಹಾಲುಮನೆ: ಕಮಾನಿನಂತೆ ಬಾಗಿದ ಹುಲ್ಲಿನ ಮಾಡು, ತೆವಳಿಕೊಂಡೇ ಒಳಹೋಗಬೇಕಾದ ಗಿಡ್ಡ ಬಾಗಿಲು. ಹಾಲು ಕಡೆಯುವ ಕೆಲಸವೇ ಪೂಜೆ. ಕೋತರು ಕಬ್ಬಿಣ ಬಡಿಯುತ್ತಿದ್ದರು, ಅವರ ಹೆಂಗಸರು ಮಡಕೆ ಮಾಡುತ್ತಿದ್ದರು. ಕುರುಂಬರು ಕಾಡಿನ ಜೇನು ತರುತ್ತಿದ್ದರು. ಬಡಗರು ಬೇಸಾಯಗಾರರು. ತುಪ್ಪಕ್ಕೆ ಧಾನ್ಯ, ಧಾನ್ಯಕ್ಕೆ ಕುಡುಗೋಲು. ಹಣದ ಮಾತೇ ಇಲ್ಲದೆ ವ್ಯವಹಾರ ಸಾಗುತ್ತಿತ್ತು.

ಎಲ್ಲ ಸ್ನೇಹವೇ ಆಗಿತ್ತು ಎಂದುಕೊಳ್ಳಬೇಡಿ. ಬಿತ್ತನೆಗೆ ಮೊದಲ ಕೈ ಹಾಕಲು ಕುರುಂಬನನ್ನು ಕರೆಯುತ್ತಿದ್ದ ಬಡಗರೇ ಅವನ ಮಾಟಕ್ಕೆ ನಡುಗುತ್ತಿದ್ದರು. 19ನೇ ಶತಮಾನದಲ್ಲಿ ಆ ಭಯಕ್ಕೆ ಕುರುಂಬರ ಕೊಲೆಗಳೂ ನಡೆದವು.

ಈ ನಂಟು ಪೂರ್ತಿಯಾಗಿ ಕಾಣುತ್ತಿದ್ದದ್ದು ಸಾವಿನ ಮನೆಯಲ್ಲಿ. ಬಡಗರಲ್ಲಿ ಒಬ್ಬರು ತೀರಿಕೊಂಡರೆ ಕೋತರ ಓಲಗ, ತಮಟೆ ಬರಬೇಕಿತ್ತು. ಆಮೇಲೆ ಹಿರಿಯನೊಬ್ಬ ಸತ್ತವರ ಪಾಪಗಳನ್ನು ಹಾಡಿನಂತೆ ಒಂದೊಂದಾಗಿ ಎಣಿಸುತ್ತಾನೆ. ಹಲ್ಲಿ ಕೊಂದ ಪಾಪ, ಹಾವು ಕೊಂದ ಪಾಪ, ಗಡಿಯ ಕಲ್ಲು ಸರಿಸಿದ ಪಾಪ, ನೆರೆಯವನ ಎಮ್ಮೆ ಹೆಚ್ಚು ಹಾಲು ಕೊಟ್ಟಿತೆಂದು ಹೊಟ್ಟೆ ಉರಿದುಕೊಂಡ ಪಾಪ. ಹಿಂದೆ ಆ ಪಾಪದ ಹೊರೆಯನ್ನು ಒಂದು ಕರುವಿನ ಮೇಲೆ ಹೊರಿಸಿ ಅಟ್ಟುತ್ತಿದ್ದರು. ಹೊಟ್ಟೆಕಿಚ್ಚನ್ನೂ ಕೊಲೆಯ ಸಾಲಿನಲ್ಲೇ ಕೂರಿಸಿದ ಆ ಪಟ್ಟಿ ನನಗೆ ಬಹಳ ಹಿಡಿಸುತ್ತದೆ.

ಕಳೆದ ಶತಮಾನದಲ್ಲಿ ಬಡಗರೊಳಗಿನ ಸುಧಾರಕರು ಕೋತರ ವಾದ್ಯ ಬೇಡವೆಂದರು. ಅಂಗಡಿಯಲ್ಲಿ ಕುಡುಗೋಲು, ಪಾತ್ರೆ ಸಿಗತೊಡಗಿದವು. ಹುಲ್ಲುಗಾವಲುಗಳು ಚಹಾ ತೋಟ, ನೀಲಗಿರಿ ಮರದ ತೋಪುಗಳಾದವು. ತೋಡರ ಎಮ್ಮೆಗೆ ಮೇವು ತಪ್ಪಿತು. ಕೆಂಪು ಕಪ್ಪು ನೂಲಿನ ಅವರ ಕಸೂತಿ ಮಾತ್ರ ಈಗ ದೂರದೂರಿಗೆ ಹೋಗುತ್ತದೆ.

ಇನ್ನು ನಮ್ಮ ನಂಟಿನ ಮಾತು. ಬಡಗ ಎಂದರೆ ಬಡಗಣ ದಿಕ್ಕಿನವನು. ಮೈಸೂರು ಸೀಮೆಯಿಂದ ಕೆಲವು ಶತಮಾನಗಳ ಹಿಂದೆ ಬೆಟ್ಟ ಹತ್ತಿದವರು ಇವರು. ತಮಿಳಿನ ‘ಪಾಲ್’ ಎಂಬ ಮಾತು ಅವರ ಬಾಯಲ್ಲಿ ನಮ್ಮಂತೆಯೇ ‘ಹಾಲು’. ಪಕಾರ ಹಕಾರವಾದ ಕನ್ನಡವನ್ನೇ ಅವರು ಜೊತೆಗೆ ಒಯ್ದರು. ಊರಿಗೆ ಹಟ್ಟಿ ಎನ್ನುತ್ತಾರೆ. ಜನವರಿಯಲ್ಲಿ ತಮ್ಮ ಕುಲದೇವತೆ ಹೆತ್ತೆಯ ಹಬ್ಬಕ್ಕೆ ಬಿಳಿಯುಟ್ಟು ಸಾಲಾಗಿ ನಡೆಯುತ್ತಾರೆ.

ಊಟಿಯ ಬಸ್ ನಿಲ್ದಾಣದಲ್ಲಿ ಇಬ್ಬರು ಬಡಗ ಅಜ್ಜಿಯರು ಮಾತಾಡುತ್ತಿದ್ದರೆ ಪಕ್ಕದಲ್ಲಿ ಸ್ವಲ್ಪ ನಿಂತುಕೊಳ್ಳಿ. ಅರ್ಧ ಮಾತು ತಿಳಿಯುತ್ತದೆ. ಉಳಿದರ್ಧದಲ್ಲಿ ನಾಲಗೆ ಮಡಿಚಿ ನುಡಿಯುವ ಸ್ವರಗಳಿವೆ. ಅವನ್ನು ಬರೆಯಲು ನಮ್ಮ ವರ್ಣಮಾಲೆಯಲ್ಲಿ ಅಕ್ಷರವೇ ಇಲ್ಲ.

ನಮಸ್ಕಾರ.